ನೀರು ಸೋಸುವ ಸಮಾಜಕ್ಕೆ ಬೆಳಕಿನ ಲೆಕ್ಕ ಬೇಡವೇ?

ಶ್ರಾವಕನ ಮನೆಯನ್ನು ಮೂರು ಲಕ್ಷಣಗಳಿಂದ ಗುರುತಿಸಬಹುದೆಂದು ಹಿರಿಯರು ಹೇಳುವುದುಂಟು: ನಿತ್ಯ ದೇವದರ್ಶನ, ಸೋಸಿದ ನೀರು, ರಾತ್ರಿಭೋಜನ ತ್ಯಾಗ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಕೆಂಗೇರಿಯವರೆಗೆ ನೆಲೆಸಿರುವ ಜೈನ ಕುಟುಂಬಗಳಲ್ಲಿ, ಅವು ತುಳುನಾಡಿನಿಂದ ಬಂದವಾಗಲಿ, ಬೆಳಗಾವಿ-ತುಮಕೂರು ಕಡೆಯವಾಗಲಿ, ರಾಜಸ್ಥಾನ-ಗುಜರಾತು ಮೂಲದವಾಗಲಿ, ಈ ಮೂರೂ ಇಂದಿಗೂ ಬಹುಮಟ್ಟಿಗೆ ಉಳಿದು ಬಂದಿರುವುದು ಸಂತೋಷದ ಸಂಗತಿ. ಆದರೆ ಅದೇ ಮನೆಗಳ ಅಡುಗೆಮನೆಯನ್ನು ಬೆಳಗಿನ ಹನ್ನೊಂದು ಗಂಟೆಗೆ ಹೊಕ್ಕು ನೋಡಿದರೆ ಅನೇಕ ಕಡೆ ಬೇರೊಂದು ದೃಶ್ಯ ಕಾಣುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದು ನಿಂತ ನಾಲ್ಕು ಅಂತಸ್ತಿನ ಕಟ್ಟಡ. ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡ ನಡುಮನೆ. ಕಿಟಕಿಯಿದ್ದರೂ ಆಕಾಶ ಕಾಣದ ಅಡುಗೆಮನೆ. ಹಾಡುಹಗಲಿನಲ್ಲಿ ಉರಿಯುತ್ತಿರುವ ದೀಪ. ಸೂರ್ಯನ ಬೆಳಕಿನಲ್ಲಿಯೇ ಉಣ್ಣಬೇಕೆಂಬ ವ್ರತವು ವಿದ್ಯುದ್ದೀಪದ ಕೆಳಗೆ ಪಾಲನೆಯಾಗುತ್ತಿದೆ!

ಒಂದು ಕೊಡ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳಿಗಾಗಿ ಬಟ್ಟೆ ಹಿಡಿಯುವ ಸಮಾಜ, ಒಂದು ಕಟ್ಟಡವು ತನ್ನ ಐವತ್ತು ವರ್ಷಗಳ ಆಯುಸ್ಸಿನಲ್ಲಿ ಸುಡುವ ಕಲ್ಲಿದ್ದಲಿನ ಲೆಕ್ಕವನ್ನು ಒಮ್ಮೆಯೂ ಕೇಳುವುದಿಲ್ಲ. ಆ ಲೆಕ್ಕ ಹಾಕಬಲ್ಲ ವಿದ್ಯೆಯೊಂದು ಇಂದು ಇದೆ. ಆ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ಜೈನ ತಂದೆತಾಯಿಗಳು ವಿರಳ. ಅದಕ್ಕೆ ವಿದ್ಯಾರ್ಥಿವೇತನ ಮೀಸಲಿಡುವ ಟ್ರಸ್ಟುಗಳು ಇನ್ನೂ ವಿರಳ. ಇದು ಸಣ್ಣ ಮರೆವಲ್ಲ. ಧರ್ಮದ ತಿಳಿವಳಿಕೆಯಲ್ಲಿಯೇ ಆಗಿರುವ ಲೋಪ.

ವೃತ್ತಿಯ ಪ್ರಶ್ನೆ ಧರ್ಮದ ಪ್ರಶ್ನೆಯೇ

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶಗಳು ಹೊರಬಿದ್ದ ವಾರದಲ್ಲಿ ಈ ಬಡಾವಣೆಗಳ ಮನೆಮನೆಯಲ್ಲಿ ನಡೆಯುವ ಸಮಾಲೋಚನೆ ಬಹುತೇಕ ಒಂದೇ ಬಗೆಯದು. ವ್ಯಾಪಾರದ ಮನೆಯಾದರೆ ಕಾಮರ್ಸ್, ಮುಂದೆ ಸಿ.ಎ.; ನೌಕರಿಯ ಮನೆಯಾದರೆ ಕಂಪ್ಯೂಟರ್ ಸೈನ್ಸ್. ಅಂಕ ಎಷ್ಟು, ಸೀಟು ಎಲ್ಲಿ, ಸಂಬಳ ಎಷ್ಟು ಎಂಬ ಮೂರು ಪ್ರಶ್ನೆಗಳು ಕೇಳಿಬರುತ್ತವೆ. ಈ ವೃತ್ತಿಯಿಂದ ಲೋಕದಲ್ಲಿ ಹಿಂಸೆ ಹೆಚ್ಚುತ್ತದೆಯೇ, ತಗ್ಗುತ್ತದೆಯೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಆದರೆ ಆ ನಾಲ್ಕನೆಯ ಪ್ರಶ್ನೆಯೇ ಪೂರ್ವಾಚಾರ್ಯರ ಮೊದಲನೆಯ ಪ್ರಶ್ನೆಯಾಗಿತ್ತು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ದೂರವಿರಬೇಕಾದ ಹದಿನೈದು ಕರ್ಮಾದಾನಗಳನ್ನು ಎಣಿಸುತ್ತದೆ. ಆಶಾಧರರ ಸಾಗಾರಧರ್ಮಾಮೃತವೂ ಈ ಕ್ರೂರಕರ್ಮಗಳನ್ನು ಚರ್ಚಿಸುತ್ತದೆ. ಆ ಪಟ್ಟಿಯ ಮೊದಲಲ್ಲಿಯೇ ಬರುವುದು ಅಂಗಾರಕರ್ಮ, ಅಂದರೆ ಇದ್ದಿಲು ಸುಡುವ, ಭಟ್ಟಿ ಹಾಕುವ, ಇಟ್ಟಿಗೆ ಬೇಯಿಸುವ ಜೀವನೋಪಾಯ. ನೆಲವನ್ನು ಅಗೆದು, ಬಂಡೆಯನ್ನು ಒಡೆದು ಬದುಕುವ ಸ್ಫೋಟಕರ್ಮವೂ ಅದರಲ್ಲಿದೆ. ಜೈನರು ಕೃಷಿ, ಗಣಿಗಳಿಗಿಂತ ವಾಣಿಜ್ಯದತ್ತ ಹೆಚ್ಚು ಒಲಿದುದಕ್ಕೆ ಈ ವಿವೇಕವೂ ಒಂದು ಕಾರಣ. ಜೀವನೋಪಾಯದ ಆಯ್ಕೆ ಅವರಿಗೆ ಕೇವಲ ಹೊಟ್ಟೆಪಾಡಿನ ವಿಷಯವಾಗಿರಲಿಲ್ಲ.

ಇಂದಿನ ಸ್ಥಿತಿಯನ್ನು ಪರಿಶೀಲಿಸಬೇಕು. ಇದ್ದಿಲಿನ ವ್ಯಾಪಾರ ಮಾಡಲೊಲ್ಲದ ಶ್ರಾವಕನು ತಂತಿಯ ಮೂಲಕ ಕಲ್ಲಿದ್ದಲನ್ನು ಉರಿಸುತ್ತಿದ್ದಾನೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್. ಬಳ್ಳಾರಿ ಬಳಿಯ ಕುಡಿತಿನಿಯದು 1700. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಪಡೆಯಲು ಸುಮಾರು ಅರ್ಧದಿಂದ ಮುಕ್ಕಾಲು ಕಿಲೋ ಕಲ್ಲಿದ್ದಲು ಬೇಕು. ಅದನ್ನು ನೆಲ ಬಗೆದು ತೆಗೆಯಬೇಕು, ರೈಲಿನಲ್ಲಿ ತರಬೇಕು, ಸುಡಬೇಕು, ಬೂದಿಯನ್ನು ಎಲ್ಲಾದರೂ ತುಂಬಬೇಕು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ, ತ್ರಸಕಾಯ ಎಂಬ ಆರರಲ್ಲಿ ಈ ಹಾದಿಯಲ್ಲಿ ನೋಯದೆ ಉಳಿಯುವುದು ಯಾವುದು? ಕರ್ನಾಟಕದ ವಿದ್ಯುತ್ತಿನಲ್ಲಿ ಜಲ, ಗಾಳಿ, ಬಿಸಿಲುಗಳ ಪಾಲು ದೊಡ್ಡದೆಂಬುದು ನಿಜ. ಆದರೆ ಬೇಸಿಗೆಯ ಸಂಜೆ ಸೂರ್ಯ ಮುಳುಗಿ, ಎಲ್ಲ ಮನೆಗಳ ಫ್ಯಾನು, ಏರ್ ಕಂಡಿಷನರುಗಳು ಒಟ್ಟಿಗೆ ತಿರುಗುವ ವೇಳೆಯಲ್ಲಿ ಕೊರತೆ ತುಂಬಲು ಕಲ್ಲಿದ್ದಲಿನ ಆಸರೆ ಇಂದಿಗೂ ತಪ್ಪಿಲ್ಲ. ಅಣೆಕಟ್ಟಿನ ನೀರಿನಿಂದ ಬಂದ ವಿದ್ಯುತ್ತೂ ಹಿಂಸೆಯಿಲ್ಲದೆ ಬಂದುದಲ್ಲ.

ಪ್ರಮಾದಚರ್ಯೆಯ ಹೊಸ ರೂಪ

ಗೃಹಸ್ಥನಿಗೆ ಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಸಾಧ್ಯವಿಲ್ಲವೆಂದು ಶಾಸ್ತ್ರಕಾರರು ಬಲ್ಲರು. ಆದುದರಿಂದಲೇ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಮನೆ ಕಟ್ಟುವುದು ಆರಂಭೀ ಹಿಂಸೆ, ಅದು ಅನಿವಾರ್ಯ. ಆದರೆ ಅನಿವಾರ್ಯವಾದುದಕ್ಕೂ ನಿರರ್ಥಕವಾದುದಕ್ಕೂ ನಡುವೆ ಗೆರೆ ಎಳೆಯಲೆಂದೇ ಅನರ್ಥದಂಡ ವ್ರತವಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಸೇರಿಸಿದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು, ಇವು ಪ್ರಮಾದಚರ್ಯೆ. ನೆಲ, ನೀರು, ಬೆಂಕಿ, ಗಾಳಿ, ಗಿಡ! ಒಂದು ಕಟ್ಟಡವು ಬಳಸುವ ಎಲ್ಲವೂ ಈ ಸೂತ್ರದಲ್ಲಿ ಬಂದಿವೆ.

ಪಶ್ಚಿಮ ದಿಕ್ಕಿಗೆ ಬರಿಯ ಗಾಜಿನ ಗೋಡೆ ನಿಲ್ಲಿಸಿ, ಒಳಗೆ ನುಗ್ಗಿದ ಬಿಸಿಲನ್ನು ಹೊರಹಾಕಲು ಹಗಲೆಲ್ಲ ಯಂತ್ರ ತಿರುಗಿಸುವುದು ಪ್ರಯೋಜನವೇ, ಪ್ರಮಾದವೇ? ಹಗಲಿನ ಬೆಳಕನ್ನು ಪರದೆಯಿಂದ ಮುಚ್ಚಿ ಒಳಗೆ ನೂರು ದೀಪ ಹಚ್ಚಿದ ಸಭಾಭವನದಲ್ಲಿ ಅಪರಿಗ್ರಹದ ಮೇಲೆ ಪ್ರವಚನ ನಡೆಸುವುದು ಯಾವ ಆಚಾರ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರು. ವರ್ಷದ ಬಹುಕಾಲ ಇಲ್ಲಿನ ಹವೆ ಮನುಷ್ಯನಿಗೆ ಹಿತವಾದುದು. ಈ ಊರಿನಲ್ಲಿ ವರ್ಷವಿಡೀ ಯಂತ್ರದ ತಂಪು ಬೇಕೆನಿಸುವ ಕಟ್ಟಡ ಕಟ್ಟಿದರೆ ಆ ದೋಷ ಊರಿನ ಹವೆಯದಲ್ಲ, ಕಟ್ಟಿಸಿದವರದು. 2016ರ ಏಪ್ರಿಲ್‌ನಲ್ಲಿ ಇದೇ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತು ಎಂಬುದನ್ನು ಮರೆಯಲಾಗದು. ಅದು ವಿವೇಕದಿಂದ ಕಟ್ಟಬೇಕೆಂಬುದಕ್ಕೆ ಮತ್ತೊಂದು ಕಾರಣವೇ ಹೊರತು ನೆಪವಲ್ಲ.

ಸಮಗ್ರ ವಿನ್ಯಾಸವೆಂದರೇನು

ಈ ವಿದ್ಯೆಯ ತಿರುಳು ವ್ಯಾಪಾರಿಗೆ ಸುಲಭವಾಗಿ ಅರ್ಥವಾಗುವಂಥದು. ಇಂದು ಒಂದು ಕಲ್ಯಾಣಮಂಟಪವೋ ವಿದ್ಯಾರ್ಥಿನಿಲಯವೋ ನಿರ್ಮಾಣವಾಗುವ ಕ್ರಮವನ್ನು ಗಮನಿಸಬೇಕು. ಮೊದಲು ವಾಸ್ತುಶಿಲ್ಪಿ ನಕ್ಷೆ ಬರೆಯುತ್ತಾರೆ. ಆ ಬಳಿಕ ಕಂಬ-ತೊಲೆಗಳ ಎಂಜಿನಿಯರ್, ಅನಂತರ ವಿದ್ಯುತ್ತಿನವರು, ಅವರ ಹಿಂದೆ ನೀರಿನ ಕೊಳವೆಯವರು, ಕಟ್ಟಕಡೆಗೆ ಏರ್ ಕಂಡಿಷನಿಂಗ್‌ನವರು ಬರುತ್ತಾರೆ. ಹಿಂದಿನವರು ಮಾಡಿಟ್ಟ ತಪ್ಪನ್ನು ಮುಂದಿನವರು ಇನ್ನಷ್ಟು ದೊಡ್ಡ ಯಂತ್ರ ಇಟ್ಟು ಮುಚ್ಚುತ್ತಾರೆ. ಸಂಭಾವನೆ ಬಹುತೇಕ ಒಟ್ಟು ವೆಚ್ಚದ ಶೇಕಡಾವಾರು. ಹೆಚ್ಚು ಮಾಲು ಹೋದಷ್ಟೂ ಹೆಚ್ಚು ದಲ್ಲಾಳಿ. ಖರ್ಚು ಉಳಿಸಿದವನಿಗೆ ಸಂಭಾವನೆ ಕಡಿಮೆಯಾಗುವ ಈ ಪದ್ಧತಿಯನ್ನು ಯಾವ ಅಂಗಡಿಯಲ್ಲಿಯೂ ಜೈನ ವರ್ತಕನು ಒಪ್ಪಲಾರ. ಟ್ರಸ್ಟಿನ ಕಟ್ಟಡದಲ್ಲಿ ಮಾತ್ರ ಕಣ್ಣು ಮುಚ್ಚಿ ಒಪ್ಪುತ್ತಾನೆ.

ಸಮಗ್ರ ವಿನ್ಯಾಸದಲ್ಲಿ ಇವರೆಲ್ಲರೂ ಮೊದಲ ಗೆರೆ ಎಳೆಯುವ ಮುನ್ನವೇ ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಬೇಕು, ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವ ಈ ಅಕ್ಷಾಂಶದಲ್ಲಿ ಚಾವಣಿಯನ್ನು ಹೇಗೆ ಕಾಯಬೇಕು, ಸಜ್ಜೆ ಎಷ್ಟು ಉದ್ದ ಚಾಚಬೇಕು, ಗಾಳಿ ಎಲ್ಲಿಂದ ಬಂದು ಎಲ್ಲಿ ಹೊರಡಬೇಕು ಎಂದು ತೀರ್ಮಾನಿಸುತ್ತಾರೆ. ಇಷ್ಟನ್ನು ಸರಿಪಡಿಸಿದ ಮೇಲೆ ಉಳಿದ ಅಲ್ಪ ಅಗತ್ಯಕ್ಕೆ ಮಾತ್ರ ಯಂತ್ರ. ಯಂತ್ರ ಚಿಕ್ಕದಾದುದರಿಂದ ಅದರ ಬೆಲೆ ತಗ್ಗುತ್ತದೆ. ಆ ಉಳಿತಾಯವೇ ಒಳ್ಳೆಯ ಚಾವಣಿ, ಒಳ್ಳೆಯ ಕಿಟಕಿಗಳ ಹಣವಾಗುತ್ತದೆ.

ಇದು ಪುಸ್ತಕದ ಮಾತಲ್ಲವೆಂಬುದಕ್ಕೆ ಸಾಕ್ಷ್ಯಗಳಿವೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಗಾಗಿ ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ರೂಪಿಸಿದ ಕಟ್ಟಡದ ದಕ್ಷಿಣಕ್ಕೆ ದುರ್ವಾಸನೆಯ ಮೋರಿಯಿತ್ತು. ಆ ಕಡೆಗೆ ಕಿಟಕಿ ತೆರೆಯುವಂತಿರಲಿಲ್ಲ. ಅಲ್ಲಿ ಕಪ್ಪು ಕಡಪ ಕಲ್ಲಿನ ಜೋಡಿಗೋಡೆ ಕಟ್ಟಲಾಯಿತು. ಬಿಸಿಲಿಗೆ ಆ ಕಲ್ಲು ಕಾದಂತೆ ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಉತ್ತರದ ತಂಪು ಗಾಳಿ ಕಟ್ಟಡದೊಳಗಿಂದ ಹರಿದು ಬರುತ್ತದೆ. ಬಿಸಿಲೇ ಬೀಸಣಿಗೆಯಾಯಿತು. ಇನ್ಫೋಸಿಸ್ ಸಂಸ್ಥೆ 2011ರಲ್ಲಿ ತನ್ನ ಹೈದರಾಬಾದ್ ಆವರಣದ ಒಂದು ಕಟ್ಟಡವನ್ನು ನಡುವೆ ಎರಡು ಭಾಗ ಮಾಡಿ ಪರೀಕ್ಷೆಗಿಟ್ಟಿತು. ಒಂದರ್ಧಕ್ಕೆ ಉತ್ತಮ ದರ್ಜೆಯ ಸಾಮಾನ್ಯ ಹವಾನಿಯಂತ್ರಣ, ಇನ್ನರ್ಧಕ್ಕೆ ಕಾಂಕ್ರೀಟ್ ಹಲಗೆಯೊಳಗೆ ತಣ್ಣೀರಿನ ಕೊಳವೆ ಹಾಯಿಸಿದ ತಂಪು. ಕೊಳವೆಯ ಭಾಗವು ತಂಪು ನೀಡಲು ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತು. ಕಟ್ಟುವ ವೆಚ್ಚ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಹಳೆಯ ಕಟ್ಟಡಗಳಿಗೂ ಈ ಮಾತು ಸಲ್ಲುತ್ತದೆ. 1931ರಲ್ಲಿ ಪೂರ್ಣಗೊಂಡ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನು 2009ರಿಂದ ಸುಧಾರಿಸಿದಾಗ, ಅದರ 6,514 ಕಿಟಕಿಗಳ ಗಾಜನ್ನು ಎಸೆಯದೆ ಕಟ್ಟಡದೊಳಗೇ ಮತ್ತೆ ಸಿದ್ಧಪಡಿಸಿ, ಶಾಖ ತಡೆಯುವಂತೆ ಮಾಡಿದರು. ಇದರಿಂದ ಹೊಸ ದೊಡ್ಡ ಶೈತ್ಯಯಂತ್ರಗಳನ್ನು ಕೊಳ್ಳುವ ಅಗತ್ಯವೇ ತಪ್ಪಿತು. ಇಂಧನ ಬಳಕೆ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು.

ಇನ್ನೂ ಹತ್ತಿರದ ದೃಷ್ಟಾಂತ ಬೇಕಾದರೆ ವಿಜಯನಗರದಲ್ಲಿಯೇ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದ ಮಧ್ಯದಲ್ಲಿ ಕಟ್ಟಿಸಿದ ‘ಸೌರಭ’ ಎಂಬ ಮನೆ ಮಳೆನೀರನ್ನೇ ನಂಬಿ ನಡೆದು ನಾಡಿಗೆಲ್ಲ ಮಾದರಿಯಾಯಿತು. ಇದರ ಗಣಿತ ಸರಳ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಮೂವತ್ತು-ನಲವತ್ತರ ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಸುರಿಯುತ್ತದೆ. ನಕ್ಷೆ ಬರೆಯುವಾಗಲೇ ಈ ಲೆಕ್ಕ ಹಾಕಿದವರಿಗೆ ಅದು ದಕ್ಕುತ್ತದೆ. ಉಳಿದವರಿಗೆ ಮೋರಿಯ ಪಾಲಾಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾದ ಬಡಾವಣೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಷೇಪಗಳಿಗೆ ಸಮಾಧಾನ

‘ಕಟ್ಟಡ ಕಟ್ಟುವುದೇ ಆರಂಭ, ಹಿಂಸೆ, ಆ ವೃತ್ತಿಗೆ ಮಕ್ಕಳನ್ನೇಕೆ ಕಳುಹಿಸಬೇಕು?’ ಎಂಬುದು ಮೊದಲನೆಯ ಆಕ್ಷೇಪ. ಈ ಮಾತನ್ನಾಡುವವರು ಸ್ವತಃ ಬಾಡಿಗೆಯ ಆಸೆಗೆ ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದಾರೆ. ಕಟ್ಟಿಸುವುದರಲ್ಲಿ ಕಾಣದ ಹಿಂಸೆ, ಕಟ್ಟುವ ವಿದ್ಯೆಯನ್ನು ಕಲಿಯುವುದರಲ್ಲಿ ಮಾತ್ರ ಕಾಣುವುದು ವಿಚಿತ್ರ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಒಂದೇ ತಕ್ಕಡಿಯವೆಂದು ಶಾಸ್ತ್ರ ಸಾರುತ್ತಿರುವಾಗ, ಮೇಸ್ತ್ರಿಯ ಕೈಯಿಂದ ಮಾಡಿಸಿದುದು ಯಜಮಾನನ ಲೆಕ್ಕಕ್ಕೆ ಬಾರದೆಂದು ತಿಳಿಯುವುದು ಆತ್ಮವಂಚನೆ. ಕಟ್ಟಡ ಕಟ್ಟುವುದು ತಪ್ಪದು ಎಂದ ಮೇಲೆ, ಅದರ ಹಿಂಸೆಯನ್ನು ಅಳೆದು ತಗ್ಗಿಸಬಲ್ಲವನೇ ಆ ಕೆಲಸಕ್ಕೆ ಅರ್ಹ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು, ಅಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಬೆಳಕಿಗೆ ತಂದರು. ಇಟ್ಟಿಗೆ ಸುಡುವುದನ್ನು ಕರ್ಮಾದಾನವೆಂದು ಸಾವಿರ ವರ್ಷಗಳಿಂದ ಹೇಳಿಕೊಂಡು ಬಂದ ಸಮಾಜಕ್ಕೆ ಸುಡದ ಇಟ್ಟಿಗೆ ಹರ್ಷದ ವಾರ್ತೆಯಾಗಬೇಕಿತ್ತು. ಎಷ್ಟು ಬಸದಿ, ಎಷ್ಟು ಧರ್ಮಶಾಲೆಗಳು ಅದನ್ನು ಕೇಳಿ ತರಿಸಿದವು?

‘ಇದೆಲ್ಲ ದುಬಾರಿ’ ಎಂಬುದು ಎರಡನೆಯದು. ಈ ಆಕ್ಷೇಪ ವರ್ತಕರ ಬಾಯಲ್ಲಿ ಬರುವುದು ನಾಚಿಕೆಗೇಡು. ಒಂದು ಸಭಾಭವನದಲ್ಲಿ 40 ಹಳೆಯ ಫ್ಯಾನುಗಳಿವೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು 75 ವಾಟ್. ಒಟ್ಟು 3 ಕಿಲೋವಾಟ್. ಅದೇ ಗಾಳಿ ಬೀಸುವ ಹೊಸ ಮಾದರಿಯ ಫ್ಯಾನು 30 ವಾಟ್, ಒಟ್ಟು 1.2 ಕಿಲೋವಾಟ್. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ಉಳಿತಾಯ 5,400 ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೆ 43,200 ರೂಪಾಯಿ. ಫ್ಯಾನೊಂದಕ್ಕೆ ಸಾವಿರದೈನೂರು ಹೆಚ್ಚು ಕೊಟ್ಟರೂ ಹದಿನೇಳು ತಿಂಗಳಲ್ಲಿ ಅಸಲು ಕೈಸೇರುತ್ತದೆ. ಅಷ್ಟೂ ಯೂನಿಟ್ ಕಲ್ಲಿದ್ದಲಿನಿಂದ ಬಂದಿದ್ದರೆ ಸುಡದೆ ಉಳಿದದ್ದು ವರ್ಷಕ್ಕೆ ಮೂರು ಟನ್ನಿನ ಆಸುಪಾಸು. ಇದು ಫ್ಯಾನು ಬದಲಿಸಿದ ಮಾತ್ರಕ್ಕೆ ಸಿಕ್ಕ ಫಲ. ಫ್ಯಾನಿನ ಅಗತ್ಯವೇ ಕಡಿಮೆಯಾಗುವಂತೆ ಚಾವಣಿ ಕಟ್ಟಿದರೆ ಲಾಭ ಇನ್ನೂ ದೊಡ್ಡದು. ಮನೆಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ಹೊರತಂದ ಇಕೋ ನಿವಾಸ್ ಸಂಹಿತೆಯು ಚಾವಣಿ ಒಳಬಿಡಬಹುದಾದ ಶಾಖಕ್ಕೆ ಮಿತಿ ವಿಧಿಸಿದೆ. ರಕ್ಷಣೆಯಿಲ್ಲದ ಬರಿಯ ಕಾಂಕ್ರೀಟ್ ಹಲಗೆ ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಒಳಬಿಡುತ್ತದೆ.

‘ಇದು ಪಾಶ್ಚಾತ್ಯರ ಹೊಸ ಫ್ಯಾಷನ್’ ಎಂಬುದು ಮೂರನೆಯದು. ಮೂಡುಬಿದಿರೆಯ ಸಾವಿರಕಂಬದ ಬಸದಿಯನ್ನು ಕಂಡವರು ಹೀಗೆ ನುಡಿಯಲಾರರು. 1430ರಲ್ಲಿ ಆರಂಭವಾದ ಆ ಜಿನಾಲಯದ ಇಳಿಜಾರು ಮಾಡುಗಳು ಕರಾವಳಿಯ ಮಳೆಯನ್ನು ಬಲ್ಲವರ ಕೃತಿ. ಬಯಲುಸೀಮೆಯ ಬಸದಿಗಳ ದಪ್ಪ ಕಲ್ಲುಗೋಡೆಗಳು ನಡುಬೇಸಿಗೆಯಲ್ಲಿಯೂ ಒಳಗನ್ನು ತಂಪಾಗಿಡುತ್ತವೆ. ತೊಟ್ಟಿಮನೆಯ ಅಂಗಳ, ಹೆಂಚಿನ ನಡುವಿನ ಗವಾಕ್ಷಿ ಹಗಲಿನ ದೀಪವನ್ನು ಅನಗತ್ಯವಾಗಿಸಿದ್ದವು. ಆಯಾ ಊರಿನ ಬಿಸಿಲು-ಮಳೆಗಳನ್ನು ಓದಿ ಕಟ್ಟಿದವರ ವಂಶದವರು ಇಂದು ಎಲ್ಲ ಊರಿಗೂ ಒಂದೇ ಗಾಜಿನ ಪೆಟ್ಟಿಗೆಯನ್ನು ತರಿಸುತ್ತಿದ್ದಾರೆ. ಫ್ಯಾಷನ್ ಯಾವುದೆಂದು ಓದುಗರೇ ನಿರ್ಣಯಿಸಲಿ. ಹಸಿರು ಕಟ್ಟಡವೆಂಬ ಫಲಕ ತೂಗುಹಾಕಿಕೊಂಡು ಬಿಲ್ಲು ಮಾತ್ರ ಏರಿಸಿಕೊಂಡು ಹೋಗುವ ಕಟ್ಟಡಗಳೂ ಇರಬಹುದು. ಆ ಡಂಭವೂ ಖಂಡನಾರ್ಹವೇ. ಫಲಕದಿಂದ ಅಹಿಂಸೆ ಸಿದ್ಧಿಸುವುದಿಲ್ಲ. ತಿಂಗಳ ಮೀಟರು ಅದಕ್ಕೆ ಸಾಕ್ಷಿ ನುಡಿಯಬೇಕು.

‘ಸಂಬಳವಿಲ್ಲ’ ಎಂಬುದು ಕೊನೆಯದು, ಎಲ್ಲಕ್ಕಿಂತ ಪ್ರಬಲವಾದುದು. ಆರಂಭದ ವರ್ಷಗಳಲ್ಲಿ ಸಾಫ್ಟ್‌ವೇರಿನಷ್ಟು ಸಂಬಳ ಸಾಮಾನ್ಯವಾಗಿ ಬಾರದೆಂಬುದನ್ನು ಒಪ್ಪಬೇಕು. ಆದರೆ ಈ ವಿದ್ಯೆಗೆ ಕಾನೂನಿನ ಬಲ ಬಂದಿದೆ. 2001ರ ಇಂಧನ ಸಂರಕ್ಷಣಾ ಅಧಿನಿಯಮ, 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, 2017ರ ಅದರ ಪರಿಷ್ಕರಣೆ, ದೊಡ್ಡ ವಸತಿ ಕಟ್ಟಡಗಳನ್ನೂ ಒಳಗೊಳ್ಳುವ 2022ರ ತಿದ್ದುಪಡಿ, ಹೀಗೆ ಹೆಜ್ಜೆ ಹೆಜ್ಜೆಗೂ ವ್ಯಾಪ್ತಿ ಹಿಗ್ಗಿದೆ. ಸಂಹಿತೆ ಮೂಲತಃ ರೂಪಿತವಾದದ್ದು ದೊಡ್ಡ ವಿದ್ಯುತ್ ಸಂಪರ್ಕವುಳ್ಳ ವಾಣಿಜ್ಯ ಕಟ್ಟಡಗಳಿಗೆ. ಆಸ್ಪತ್ರೆ, ಮಾಲ್, ಕಚೇರಿಗಳಿಗೆಲ್ಲ ಈ ಲೆಕ್ಕ ಹಾಕುವವರು ಬೇಕು. ಸಿ.ಎ. ಪದವಿಗೆ ಬೆಲೆ ಬಂದದ್ದು ಹೇಗೆ? ಲೆಕ್ಕಪರಿಶೋಧನೆಯನ್ನು ಕಾನೂನು ಕಡ್ಡಾಯಗೊಳಿಸಿದುದರಿಂದ. ಯೂನಿಟ್ಟುಗಳ ಲೆಕ್ಕಪರಿಶೋಧನೆಗೂ ಅಂತಹ ಕಾಲ ಹತ್ತಿರವಾಗುತ್ತಿದೆ. ವರ್ತಕರ ಸಮಾಜ ಇದನ್ನು ಎಲ್ಲರಿಗಿಂತ ಮೊದಲು ಗ್ರಹಿಸಬೇಕಿತ್ತು.

ಕಲಿಯುವ ಹಾದಿ

ಆಸಕ್ತ ತಂದೆತಾಯಿಗಳು ಮೊದಲು ತಿಳಿಯಬೇಕಾದುದು ಒಂದಿದೆ: ನಿರ್ಧಾರದ ಕಾಲ ಪಿ.ಯು.ಸಿ. ನಂತರದ್ದಲ್ಲ, ಎಸ್.ಎಸ್.ಎಲ್.ಸಿ. ನಂತರದ್ದು. ಗಣಿತ, ಭೌತಶಾಸ್ತ್ರ ಬಿಟ್ಟು ಕಾಮರ್ಸಿಗೆ ಸೇರಿಸಿದ ಮೇಲೆ ಈ ಬಾಗಿಲು ಬಹುತೇಕ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಕೂರುವವನಿಗೆ ಭೌತಶಾಸ್ತ್ರವೇಕೆ ಎಂಬ ಹಳೆಯ ಮಾತು ಎಷ್ಟು ಮಕ್ಕಳ ಬಾಗಿಲನ್ನು ಹದಿನಾರನೆಯ ವಯಸ್ಸಿಗೇ ಮುಚ್ಚಿದೆಯೋ!

ಮುಂದೆ ಎರಡು ದಾರಿಗಳು. ವಾಸ್ತುಶಿಲ್ಪ ಪರಿಷತ್ತು ನಡೆಸುವ ನಾಟಾ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್. ಮಾಡುವುದು ಒಂದು. ಸಿವಿಲ್, ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಿಂದ ಬರುವುದು ಇನ್ನೊಂದು. ಅದಕ್ಕೆ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯಗಳಂತಹ ಸಂಸ್ಥೆಗಳು ವಿಜಯನಗರ-ಕೆಂಗೇರಿಗಳ ನಡುವೆಯೇ ಇವೆ. ಪದವಿಯ ಬಳಿಕ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ಇಂಧನ ಕಾರ್ಯಕ್ಷಮತೆಯ ಎಂ.ಟೆಕ್., ಹೈದರಾಬಾದಿನ ಐ.ಐ.ಐ.ಟಿ.ಯಲ್ಲಿ ಕಟ್ಟಡ ವಿಜ್ಞಾನದ ವ್ಯಾಸಂಗ ರೂಢಿಯಲ್ಲಿವೆ. ಕೆಲವು ವರ್ಷಗಳ ಅನುಭವದ ಮೇಲೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ನಾಲ್ಕು ಪತ್ರಿಕೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪ್ರಮಾಣೀಕೃತ ಇಂಧನ ಲೆಕ್ಕಪರಿಶೋಧಕರಾಗುತ್ತಾರೆ. ಕಟ್ಟಡವನ್ನು ಕಟ್ಟುವ ಮೊದಲೇ ಗಣಕದಲ್ಲಿ ವರ್ಷದ 8,760 ಗಂಟೆಗಳ ಬಿಸಿಲು-ಗಾಳಿಗಳಿಗೆ ಒಡ್ಡಿ ನೋಡುವ ‘ಎನರ್ಜಿಪ್ಲಸ್’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಕಂಪ್ಯೂಟರಿನಲ್ಲಿ ಆಸಕ್ತಿಯುಳ್ಳ ಮಗುವಿಗೂ ಇಲ್ಲಿ ಸ್ಥಾನವಿದೆ.

ಟ್ರಸ್ಟುಗಳ ಹೊಣೆ

ಸೆಪ್ಟ್‌ನ ಚರಿತ್ರೆಯನ್ನು ಜೈನ ಟ್ರಸ್ಟಿಗಳು ಅವಶ್ಯವಾಗಿ ತಿಳಿಯಬೇಕು. ಅದು 1962ರಲ್ಲಿ ಬಿ. ವಿ. ದೋಶಿ ಅವರ ಮುಂದಾಳತ್ವದಲ್ಲಿ, ಅಹಮದಾಬಾದ್ ಎಜುಕೇಷನ್ ಸೊಸೈಟಿಯ ಆಶ್ರಯದಲ್ಲಿ ವಾಸ್ತುಶಿಲ್ಪ ಶಾಲೆಯಾಗಿ ಹುಟ್ಟಿತು. ಆ ಸೊಸೈಟಿಯ ಹಿಂದಿದ್ದವರು ಶೇಠ್ ಕಸ್ತೂರಭಾಯಿ ಲಾಲಭಾಯಿ. ಆನಂದಜೀ ಕಲ್ಯಾಣಜೀ ಪೇಢಿಯ ಮುಖ್ಯಸ್ಥರಾಗಿ ರಾಣಕಪುರ, ದಿಲವಾಡಾ ಜಿನಾಲಯಗಳ ಜೀರ್ಣೋದ್ಧಾರ ಮಾಡಿಸಿದವರೂ ಅವರೇ. ಒಬ್ಬ ಜೈನ ವರ್ತಕ ಒಂದು ಕೈಯಲ್ಲಿ ಪ್ರಾಚೀನ ಬಸದಿಗಳನ್ನು ಉಳಿಸಿದರು, ಇನ್ನೊಂದು ಕೈಯಲ್ಲಿ ಕಟ್ಟುವ ವಿದ್ಯೆಗೆ ನೆಲೆ ಕೊಟ್ಟರು. ಆ ಶಾಲೆಯೇ ಬೆಳೆದು ವಿಶ್ವವಿದ್ಯಾಲಯವಾಗಿ, ಬಳಸುವಷ್ಟು ವಿದ್ಯುತ್ತನ್ನು ವರ್ಷದಲ್ಲಿ ತಾನೇ ಉತ್ಪಾದಿಸಿಕೊಳ್ಳುವ ಗುರಿಯ ಕಟ್ಟಡವೊಂದನ್ನು 2015ರಲ್ಲಿ ತನ್ನ ಆವರಣದಲ್ಲಿ ತೆರೆಯಿತು. ಬೆಂಗಳೂರಿನ ಐ.ಐ.ಎಂ.ನ ನೆರಳಿನ ಓಣಿಗಳು, ಕಲ್ಲುಗೋಡೆಗಳು ಅದೇ ದೋಶಿಯವರ ರಚನೆ.

ಕನ್ನಡ ನಾಡಿನ ಪರಂಪರೆಯೂ ಬೇರೆಯಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕಟ್ಟುವುದನ್ನೂ ಕಲಿಸುವುದನ್ನೂ ಆಕೆ ಒಂದೇ ದಾನದ ಎರಡು ಮುಖಗಳೆಂದು ಕಂಡಳು. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ದಾನಗಳಲ್ಲಿ ಶಾಸ್ತ್ರದಾನಕ್ಕೆ ಇಂದಿನ ಟ್ರಸ್ಟುಗಳ ಆಯವ್ಯಯದಲ್ಲಿ ಎಷ್ಟು ಪಾಲು? ಸಂಗಮರಮರಿಗೆ ಎಷ್ಟು ಪಾಲು? ದಾನಿಗಳ ಹೆಸರು ಕೆತ್ತಲು ಕಲ್ಲು ದೊರೆಯುತ್ತದೆ. ವಿದ್ಯಾರ್ಥಿಯ ಶುಲ್ಕಕ್ಕೆ ಮಾತ್ರ ಸಭೆಯ ಮೇಲೆ ಸಭೆ.

ಪಶ್ಚಿಮ ಬೆಂಗಳೂರಿನ ಪ್ರತಿಯೊಂದು ಬಸದಿ, ಧರ್ಮಶಾಲೆ, ವಿದ್ಯಾರ್ಥಿನಿಲಯದ ಆಡಳಿತ ಮಂಡಳಿ ಮೂರು ಠರಾವುಗಳನ್ನು ಅಂಗೀಕರಿಸಬೇಕು. ಒಂದು, ಯಾವ ಕಟ್ಟಡದ ಗುದ್ದಲಿ ಪೂಜೆಗೂ ಮುನ್ನ ವಾಸ್ತುಶಿಲ್ಪಿ, ಎಂಜಿನಿಯರುಗಳು, ಇಂಧನ ತಜ್ಞ ಒಟ್ಟಿಗೆ ಕುಳಿತು ವಾರ್ಷಿಕ ವಿದ್ಯುತ್ ಬಳಕೆಯ ಅಂದಾಜನ್ನು ಬರೆದುಕೊಡಬೇಕು; ಅವರ ಸಂಭಾವನೆಯನ್ನು ವೆಚ್ಚದ ಶೇಕಡಾವಾರಿಗೆ ಕಟ್ಟದೆ ನಿಗದಿತ ಮೊತ್ತವಾಗಿ ಗೊತ್ತುಪಡಿಸಬೇಕು. ಎರಡು, ಸಮಾಜದ ಕನಿಷ್ಠ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಗೆ ಪ್ರತಿವರ್ಷ ಈ ವಿಷಯದ ವ್ಯಾಸಂಗಕ್ಕೆ ಪೂರ್ಣ ನೆರವು ನೀಡಬೇಕು. ವ್ಯಾಸಂಗ ಮುಗಿಸಿದವರಿಗೆ ಟ್ರಸ್ಟಿನ ಸ್ವಂತ ಕಟ್ಟಡಗಳನ್ನೇ ಮೊದಲ ಕೆಲಸವಾಗಿ ಒಪ್ಪಿಸಬೇಕು. ಮೂರು, ವಾರ್ಷಿಕ ಮಹಾಸಭೆಯಲ್ಲಿ ಮಂಡಿಸುವ ಜಮಾ-ಖರ್ಚಿನ ಪಟ್ಟಿಯ ಪಕ್ಕದಲ್ಲಿ ಬಳಸಿದ ಯೂನಿಟ್ಟುಗಳ, ನೀರಿನ ಲೀಟರುಗಳ ಪಟ್ಟಿಯನ್ನೂ ಮುದ್ರಿಸಬೇಕು. ರೂಪಾಯಿಗೆ ಲೆಕ್ಕ ಕೇಳುವ ಸದಸ್ಯರು ಜೀವಹಿಂಸೆಗೂ ಲೆಕ್ಕ ಕೇಳಲಿ.

ಬಸವೇಶ್ವರನಗರದ ಯಾವುದೋ ಮನೆಯಲ್ಲಿ ಹದಿನಾರರ ಹುಡುಗಿಯೊಬ್ಬಳು ಗಣಿತ ಇಟ್ಟುಕೊಳ್ಳಲೇ, ಬಿಡಲೇ ಎಂದು ಈ ವರ್ಷವೂ ತಂದೆಯ ಮುಖ ನೋಡುತ್ತಾಳೆ. ‘ಮನೆ ಕಟ್ಟುವ ಕೆಲಸ ಹುಡುಗಿಗೇಕಮ್ಮಾ?’ ಎಂಬ ಉತ್ತರ ಆಕೆಗೆ ದೊರೆತರೆ, ಮುಂದಿನ ಐವತ್ತು ವರ್ಷ ಇನ್ನಷ್ಟು ಕತ್ತಲ ಅಡುಗೆಮನೆಗಳು ಏಳುತ್ತವೆ; ನೀರು ಸೋಸುವ ಕೈಗಳೇ ಅಲ್ಲಿ ಹಗಲು ದೀಪ ಹಚ್ಚುತ್ತವೆ. ಸೋಸುವ ಬಟ್ಟೆಯನ್ನು ಕಂಡುಹಿಡಿದವರು ಕಣ್ಣಿಗೆ ಕಾಣದ ಹಿಂಸೆಯನ್ನೂ ಲೆಕ್ಕಕ್ಕೆ ಹಿಡಿದವರು. ಅವರ ಮಕ್ಕಳಿಗೆ ಇಂದು ಆ ಲೆಕ್ಕದ ಹೊಸ ವಿದ್ಯೆ ಲಭ್ಯವಿದೆ. ಸಮಾಜದ ಹಿರಿಯರೂ ಟ್ರಸ್ಟುಗಳೂ ಇತ್ತ ಚಿತ್ತೈಸಲಿ.